ಕೊಸರಿನ ಬಡಿತ

ಟಕ್.

ಹೆಡ್‌ಫೋನಿನಲ್ಲಿ ಕೇಳಿದ ಸದ್ದು ಎಷ್ಟು ಸಣ್ಣದಾಗಿತ್ತೆಂದರೆ, ಸುಗಂಧಿ ಮೊದಲು ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದಳು. ಹಲ್ಲಿ ದೀಪದ ಪಕ್ಕದಲ್ಲಿ ಸುಮ್ಮನೆ ಅಂಟಿಕೊಂಡಿತ್ತು. ನಡುರಾತ್ರಿ ಕಳೆದಿತ್ತು. ಅಳಿವೆಯ ಬಾಯಲ್ಲಿ, ಹೊಳೆ ಕಡಲಿಗೆ ಸೇರುವ ಜಾಗದಲ್ಲಿ ಕಟ್ಟಿದ ಈ ಕೋಣೆಯನ್ನು ಊರವರು ಕೇಳುಕೋಣೆ ಎನ್ನುತ್ತಿದ್ದರು. ನೀರಿನಡಿ ಇಳಿಬಿಟ್ಟ ಮೈಕುಗಳು ಹಿಡಿದದ್ದನ್ನೆಲ್ಲ ರಾತ್ರಿಯಿಡೀ ಒಬ್ಬರು ಇಲ್ಲಿ ಕೂತು ಕೇಳಬೇಕು. ಸೀಗಡಿಗಳು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಿಟಿಚಿಟಿ ಎನ್ನುತ್ತವೆ. ಕಡಲು ಉಕ್ಕುವ ಭರತದಲ್ಲಿ ಮರಳು ಜಾರುತ್ತದೆ. ಅದೆಲ್ಲ ಅವಳಿಗೆ ಅಭ್ಯಾಸ. ಆ ಟಕ್ ಮಾತ್ರ ಅಲ್ಲಿಯದ್ದಲ್ಲ.

ಟಕ್ ಟಕ್ ಟಕ್. ಸ್ವಲ್ಪ ಬಿಡುವು. ಟಕ್ ಟಕ್.

ದೋಣಿಯ ಅಂಚಿಗೆ ಯಾರೋ ಹುಟ್ಟಿನ ಹಿಡಿಯಿಂದ ಬಡಿಯುತ್ತಿದ್ದರು. ಮೀನುಗಾರರ ಸಂಘದ ದೋಣಿಗಳನ್ನೆಲ್ಲ ದಕ್ಕೆಯ ಕಟ್ಟೆಗೆ ಕಟ್ಟಿಹಾಕಿರುವುದು ಕಿಟಕಿಯಿಂದ ಕಾಣುತ್ತಿತ್ತು. ಅಂದರೆ ಇದು ಕಳ್ಳರು. ಆಚೆ ದಡದವರು.

ಈ ಬಡಿತವನ್ನು ಆರಿಸಿದವಳು ಅವಳೇ. ಕಡಲು ಬಿಸಿಯಾಗಿ ಬಂಗುಡೆ, ಬೂತಾಯಿ ಈ ದಡ ಬಿಟ್ಟುಹೋದ ಮೇಲೆ ಮೊದಲು ಪಂಜರದಲ್ಲಿ ಮೀನು ಸಾಕಿ ನೋಡಿದ್ದರು. ಗಾಳಿಮಳೆಗೆ ಪಂಜರಗಳು ಮುರಿದವು. ಉಳಿದವುಗಳಲ್ಲಿ ಒತ್ತೊತ್ತಾಗಿದ್ದ ಮೀನಿಗೆ ಹೇನು ಬಿತ್ತು. ಆಮೇಲೆ ಹುಟ್ಟಿದ್ದು ಕರೆಮೀನಿನ ಯೋಚನೆ. ದನವನ್ನು ಮೇಯಲು ಬಿಟ್ಟು ಸಂಜೆ ಕರೆಯುವ ಹಾಗೆ ಮೀನನ್ನೂ ಕಡಲಿಗೆ ಬಿಟ್ಟು ಕರೆದರೆ? ಮರಿಗಳಿಗೆ ತೊಟ್ಟಿಯಲ್ಲಿರುವಾಗಲೇ ಒಂದು ಸದ್ದು ಕೇಳಿಸಿ, ಆ ಸದ್ದಾದಾಗ ಮಾತ್ರ ಉಣಿಸುವುದು. ಮೀನಿನ ತಲೆಯೊಳಗೆ ಒಂದು ಬಿಳಿ ಕಲ್ಲಿರುತ್ತದೆ. ಮೀನು ಕೊಯ್ಯುವ ಹೆಂಗಸರಿಗೆಲ್ಲ ಗೊತ್ತಿರುವ ಕಲ್ಲು. ನೀರಿನಲ್ಲಿ ಸದ್ದು ಗಾಳಿಗಿಂತ ಎಷ್ಟೋ ವೇಗವಾಗಿ ಓಡಿ ಆ ಕಲ್ಲನ್ನು ಅಲುಗಿಸುತ್ತದೆ. ಹಾಗೆ ಕಲಿತ ಮೀನು ದೊಡ್ಡದಾಗಿ ಕಡಲಲ್ಲಿ ತಾನೇ ಬೇಟೆಯಾಡಿ ಮೇಯುತ್ತದೆ, ಕರೆದಾಗ ಕರೆ ಮರೆಯದಷ್ಟು ಸ್ವಲ್ಪ ಉಂಡು ಹೋಗುತ್ತದೆ, ಕೊಯ್ಲಿನ ದಿನ ಅದೇ ಕರೆಗೆ ಬೇಲಿಬಲೆಯೊಳಗೆ ಬರುತ್ತದೆ.

ಕರೆಗೆ ಎಂಜಿನಿಯರುಗಳು ಯಂತ್ರದ ಶಿಳ್ಳೆ ಸಾಕು ಅಂದಿದ್ದರು. ಆಗಷ್ಟೇ ಓದು ಮುಗಿಸಿ ಬಂದಿದ್ದ ಸುಗಂಧಿ ಎದ್ದು ನಿಂತು, ಉಪ್ಪುಗಾಳಿ ಯಂತ್ರವನ್ನು ತಿನ್ನುತ್ತದೆ, ಕರೆಂಟು ಹೋಗುತ್ತದೆ, ನಮ್ಮ ಹಿರಿಯರು ದೋಣಿಯ ಅಂಚು ಬಡಿದು ಮೀನನ್ನು ಬಲೆಗೆ ಅಟ್ಟುತ್ತಿದ್ದರು, ಅದೇ ಬಡಿತ ಇರಲಿ, ಯಾರು ಬೇಕಾದರೂ ಕರೆಯಬಹುದು ಅಂದಿದ್ದಳು. ಚಪ್ಪಾಳೆ ತಟ್ಟಿದ್ದರು. ಯಾರು ಬೇಕಾದರೂ ಕರೆಯಬಹುದು ಎಂಬುದೇ ಈಗ ತಲೆನೋವು.

ಪರದೆಯ ಮೇಲೆ ಮೀನಿನ ಗುಂಪು ಮೋಡದ ನೆರಳಿನಂತೆ ತಿರುಗಿತು. ಕರೆದು ಉಣಿಸದಿದ್ದರೆ ಈ ಮೀನು ಏನು ಮಾಡುತ್ತದೆಂದು ಸುಗಂಧಿ ತೊಟ್ಟಿಯಲ್ಲಿ ಒಮ್ಮೆ ನೋಡಿದ್ದಳು. ತೋಳಿನಷ್ಟು ಉದ್ದದವು ಒಂದರ ಮೇಲೊಂದು ನೆಗೆದು ಕೆಲಸದವನ ದವಡೆ ಮುರಿದಿದ್ದವು. ಆಚೆ ದಡದವರ ಚಿಕ್ಕ ದೋಣಿಯಲ್ಲಿ ಸರಿಯಾದ ಉಣಿಸು ಇರುತ್ತದೋ ಇಲ್ಲವೋ.

ಅವಳು ಬೆದರುಗುಂಡಿ ಒತ್ತಿದಳು. ನಿಯಮವೂ ಅದೇ ಆಗಿತ್ತು. ನೀರಿನಡಿಯ ಸ್ಪೀಕರುಗಳು ಬೇಟೆಗೆ ಹೊರಟ ಡಾಲ್ಫಿನ್‌ಗಳ ಕೂಗನ್ನು ಹೊರಡಿಸಿದವು. ಪರದೆಯ ನೆರಳು ಹರಿದು ಚೂರಾಗಿ ಕಡಲ ಕಡೆಗೆ ಓಡಿತು. ಕಳ್ಳರ ದೋಣಿ ಹುಟ್ಟು ಹಾಕುತ್ತ ಹಿಂದೆ ಹೋದ ಸದ್ದೂ ಕೇಳಿತು. ಯಾರಿಗೂ ಏನೂ ಆಗಲಿಲ್ಲ ಎಂದು ನೀರು ಕುಡಿದಳು.

*

ಓಡಿದ ಮೀನಿನಲ್ಲಿ ದೊಡ್ಡ ಪಾಲು ಮರಳಿ ಬರಲಿಲ್ಲ.

ಎರಡು ದಿನ ಬಿಟ್ಟು ಸಂಘದಲ್ಲಿ ಸಭೆಯಾಯಿತು. ಮ್ಯಾನೇಜರ್ ದಯಾಕರ ಯಾವತ್ತೂ ಗಟ್ಟಿಯಾಗಿ ಮಾತಾಡುವವರಲ್ಲ. ಚಹಾ ಬರುವ ತನಕ ಕಾದರು, ಎಲ್ಲರಿಗೂ ಬಿಸ್ಕತ್ತು ಸರಿಸಿದರು.

"ಗುಂಡಿ ಒತ್ತಿದ್ದು ತಪ್ಪಲ್ಲ ಮೇಡಂ," ಅಂದರು. "ನಿಯಮದಲ್ಲಿ ಉಂಟು. ನಿಯಮವೇ ತಪ್ಪು. ನಾವು ಕಳ್ಳನನ್ನು ಓಡಿಸ್ಲಿಕ್ಕೆ ಹೋಗಿ ಮೀನನ್ನು ಓಡಿಸಿದೆವು. ಕಳ್ಳ ನಾಳೆ ಬರ್ತಾನೆ. ಮೀನು ಬರುದಿಲ್ಲ."

ಸಮಿತಿಯ ಶೇಖರಣ್ಣ ಕೇಳಿದರು: "ಹಾಗಾದ್ರೆ ಈ ಸಲ ಕಡಿಮೆ ಬಿದ್ದದ್ದು ಯಾರ ತಲೆಗೆ?"

"ಘಟ್ಟದ ಮೇಲಿನ ತಾಲೂಕುಗಳಿಗೆ ಹೋಗುವ ಮೀನಿನ ಪಡಿ ಮುಟ್ಟುವ ಹಾಗಿಲ್ಲ. ಹಾಸ್ಟೆಲ್ ಮಕ್ಕಳದ್ದು ಮುಟ್ಟುವ ಹಾಗಿಲ್ಲ. ಅವರಿಗೆ ಬೇರೆ ಎಂತ ಉಂಟು? ಬೇಳೆಯ ರೇಟು ನೀವೇ ನೋಡ್ತೀರಿ. ಮತ್ತೆ ಉಳಿಯುದು ನಮ್ಮ ಊರಿನ ಪಾಲು. ಅದರಲ್ಲಿ ದುಡಿಯುವವರದ್ದು ಕಡಿದರೆ ನಾಳೆ ದೋಣಿ ಎಳೆಯುವವರಿಲ್ಲ." ದಯಾಕರ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. "ಎಪ್ಪತ್ತು ದಾಟಿದವರ ಪಾಲು ಸ್ವಲ್ಪ ದಿನ ನಿಲ್ಲಿಸುವ."

"ನನ್ನ ಅಮ್ಮ ಉಂಟಲ್ಲ ಅದರಲ್ಲಿ."

"ನನ್ನ ಅಪ್ಪನೂ ಉಂಟು ಶೇಖರಣ್ಣ. ಅವರಿಗೆ ಹಲ್ಲೇ ಇಲ್ಲ. ಇಷ್ಟು ವರ್ಷ ಅವರ ಪಾಲು ತಿಂದದ್ದು ನಾನು."

ಎಲ್ಲರೂ ನಕ್ಕರು. ಶೇಖರಣ್ಣನೂ ನಕ್ಕರು. ಸುಗಂಧಿ ತನ್ನ ಅತ್ತೆಯ ವಯಸ್ಸನ್ನು ನೆನೆದಳು. ಒಂದು ಮಾತು ಹೇಳಬೇಕೆಂದುಕೊಂಡಳು. ಮಾತನ್ನು ಯಾರಿಗೂ ನೋವಾಗದ ಹಾಗೆ ಹೇಗೆ ಶುರುಮಾಡುವುದೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಅಷ್ಟರಲ್ಲಿ ಸಭೆ ಮುಗಿದು ಕುರ್ಚಿಗಳು ಸರಿದವು. ಅವಳಿಗೆ ಹೀಗೆ ಆಗುವುದು ಹೊಸತೇನಲ್ಲ.

ಎಲ್ಲರೂ ಹೋದ ಮೇಲೆ ದಯಾಕರ ಅವಳನ್ನು ನಿಲ್ಲಿಸಿದರು.

"ಇನ್ನು ಮುಂದೆ ಗುಂಡಿ ಒತ್ತಬೇಡಿ ಮೇಡಂ. ಯಾರು ಬಡಿದರೂ ಸುಮ್ಮನೆ ಕೇಳಿ."

"ಮೀನು ಅವರ ಹತ್ತಿರ ಹೋಗ್ತದಲ್ಲ ಸರ್."

"ಹೋಗಲಿ. ಕೊಯ್ಲಿನ ತನಕ ಸಂಜೆಯ ಉಣಿಸು ನಿಲ್ಲಿಸ್ತೇನೆ. ಕೊಯ್ಲಿಗೆ ಹಸಿದ ಮೀನು ಒಳ್ಳೆಯದು ಅಂತ ನಿಮ್ಮ ಪುಸ್ತಕದಲ್ಲೇ ಉಂಟು, ಹೊಟ್ಟೆ ಖಾಲಿ ಇರ್ತದೆ, ಕೆಡುದಿಲ್ಲ. ಅದರ ನಡುವೆ ಯಾರಾದ್ರೂ ಕರೆದರೆ..." ಅವರು ಲೋಟವನ್ನು ಮೇಜಿನ ಮೇಲೆ ಕವುಚಿಟ್ಟರು. "ನಾವು ಎಂತ ಮಾಡಿದ್ದು? ಎಂತ ಮಾಡ್ಲಿಲ್ಲ."

ಸುಗಂಧಿ ಆ ಲೋಟವನ್ನು ನೋಡಿದಳು. "ಜನ ಸಾಯ್ತಾರೆ ಸರ್."

"ಒಂದು ದೋಣಿ ಮಗುಚಿದರೆ ಮತ್ತೆ ಹತ್ತು ವರ್ಷ ಯಾರೂ ಬಡಿಯುದಿಲ್ಲ. ಕಳೆದ ಸಲ ಪಡಿ ತಪ್ಪಿದಾಗ ಘಟ್ಟದ ಮೇಲೆ ಮಕ್ಕಳು ಕಾಲು ಬಾತುಕೊಂಡು ಮಲಗಿದ್ದು ನೀವು ನೋಡ್ಲಿಲ್ಲ, ನಾನು ನೋಡಿದ್ದೇನೆ. ಎರಡನ್ನೂ ತಕ್ಕಡಿಗೆ ಹಾಕಿ, ನಿಮಗೇ ಗೊತ್ತಾಗ್ತದೆ." ಬಾಗಿಲ ತನಕ ಬಂದು ಮೆಲ್ಲಗೆ ಅಂದರು: "ಇದು ನಮ್ಮಿಬ್ಬರಲ್ಲೇ ಇರಲಿ. ಮನೆಯಲ್ಲೂ ಬೇಡ. ಒಬ್ಬರಿಗೆ ಹೇಳಿದರೆ ಆಚೆ ದಡಕ್ಕೆ ಮುಟ್ತದೆ. ಮತ್ತೆ ಪಾಠ ಕಲಿಯುವವರು ಯಾರು?"

*

ಅತ್ತೆಯ ಹೆಸರು ಮುತ್ತಕ್ಕ. ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಈಗಲೂ ನಡೆಯುವಾಗ ಕುತ್ತಿಗೆ ಅಲುಗುತ್ತಿರಲಿಲ್ಲ. ಗಂಡ ಸತ್ತ ಮೇಲೆ ಮಗ ಸದಾಶಿವನನ್ನು ಒಬ್ಬಳೇ ಸಾಕಿದ್ದಳು. ಸದಾಶಿವ ಈಗ ಸಂಘದ ಐಸ್ ಕಾರ್ಖಾನೆಯಲ್ಲಿ ಹಗಲು ಪಾಳಿ ಮಾಡುತ್ತಾನೆ.

ಪಾಲು ನಿಂತ ಸುದ್ದಿ ಬಂದ ದಿನದಿಂದ ಮುತ್ತಕ್ಕ ಮೀನು ಮುಟ್ಟಲಿಲ್ಲ. ಗಂಜಿಗೆ ಉಪ್ಪು, ಮಾವಿನಮಿಡಿ.

"ನಮ್ಮ ಇಬ್ಬರ ಪಾಲು ಉಂಟಲ್ಲ ಅತ್ತೆ, ಮೂರು ಜನ ಉಣ್ಣಬಹುದು," ಅಂದಳು ಸುಗಂಧಿ.

"ನಿನ್ನ ಪಾಲು ನೀನು ಉಣ್ಣು ಹೆಣ್ಣೇ. ಇನ್ನೊಬ್ಬರ ಬಟ್ಟಲಿಗೆ ಕೈ ಹಾಕಿ ನನಗೆ ಅಭ್ಯಾಸ ಇಲ್ಲ."

"ಅಮ್ಮ, ಹಟ ಮಾಡಬೇಡ," ಸದಾಶಿವ ಗದರಿದ. "ಕೈಕಾಲು ನೋಡು, ಕೊಡೆ ಕಡ್ಡಿ ಹಾಗೆ ಆಗಿದೆ."

"ಕೊಡೆ ಕಡ್ಡಿ ಮಳೆ ತಡೀತದೆ. ನೀನು ತಡಿ ಕಾಣುವ."

ಮುತ್ತಕ್ಕನಿಗೆ ಸಿಟ್ಟು ಮೀನಿನ ಮೇಲಲ್ಲ. ಅವಳ ಕಾಲದಲ್ಲಿ ದಡದಿಂದ ರಂಪಣಿ ಬಲೆ ಎಳೆಯುವಾಗ, ಹಗ್ಗಕ್ಕೆ ಕೈ ಹಚ್ಚಿದ ಎಲ್ಲರಿಗೂ ಪಾಲಿತ್ತು. ಮುದುಕರು ಬಂದು ಹಗ್ಗದ ತುದಿ ಹಿಡಿದು ನಿಂತರೂ ಪಾಲು, ಪರವೂರಿನವ ದಾರಿಯಲ್ಲಿ ಹೋಗುತ್ತ ಒಂದು ಎಳೆತ ಎಳೆದರೂ ಪಾಲು. ಎಷ್ಟು ಎಳೆದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೈ ಹಚ್ಚಿದೆಯಾ, ಇಲ್ಲವಾ, ಅಷ್ಟೆ. ಬಸುರಿಯಾಗಿದ್ದಾಗ, ಬಾಣಂತಿಯಾಗಿದ್ದಾಗ, ಗಂಡ ಸತ್ತ ತಿಂಗಳು, ಯಾವಾಗಲೂ ಅವಳು ಹಗ್ಗ ಮುಟ್ಟಿ ಬಂದು ತನ್ನ ಪಾಲು ತಂದಿದ್ದಳು. ಬೇಡಿ ತಂದದ್ದಲ್ಲ.

ಒಂದು ದಿನ ಯಾರಿಗೂ ಹೇಳದೆ ಸಂಘಕ್ಕೆ ಹೋಗಿ ದಯಾಕರರನ್ನೇ ಕಂಡು ಬಂದಳು. ಬಂದವಳು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಜಗಲಿಯಲ್ಲಿ ಕೂತಳು. ಮುಖದಲ್ಲಿ ಗೆಲುವಿತ್ತು.

"ಒಳ್ಳೆ ಜನ ಮಾರಾಯ್ತಿ ಅವ. ಕುರ್ಚಿ ಕೊಟ್ಟ. ಪಾಲಿನ ಪಟ್ಟಿಯಿಂದ ಹೆಸರು ಎಂತಕ್ಕೆ ಹೊಡೆದುಹಾಕಿದ್ದು ಅಂತ ಕೇಳಿದೆ. ‘ದುಡಿಯುವವರಿಗೆ ಮಾತ್ರ ಅಂತ ಆಗಿದೆ ಅಜ್ಜಿ, ನೀವೂ ಕೊಯ್ಲಿಗೆ ಕೈ ಹಚ್ಚಿ ತೋರಿಸಿ, ಆಗ ಬರೆಸುವ’ ಅಂದ."

"ಅದು ತಮಾಷೆಗೆ ಹೇಳಿದ್ದು ಅತ್ತೆ."

"ನಗ್ತಾ ಹೇಳಿದ. ಹೇಳಿದ್ದು ಹೌದಲ್ಲ?"

ಆ ಸಂಜೆ ಅಕ್ಕಿ ಆರಿಸುತ್ತ ಕೂತವಳು ಕೇಳಿದಳು: "ನಿಮ್ಮ ಈ ಕೊಯ್ಲಿಗೆ ಹಗ್ಗ ಎಲ್ಲಿಂದ ಎಲ್ಲಿಗೆ ಇರ್ತದೆ ಹೆಣ್ಣೇ?"

"ಹಗ್ಗ ಇಲ್ಲ ಅತ್ತೆ. ಎಳೆಯುವುದೇ ಇಲ್ಲ. ಸದ್ದಿಗೆ ಮೀನು ತಾನೇ ಬರ್ತದೆ."

"ಅಂದ್ರೆ ಸದ್ದೇ ಹಗ್ಗ."

ಸುಗಂಧಿಗೆ ಆ ಮಾತು ಹಿಡಿಸಿತು. ಪ್ರಬಂಧಗಳಲ್ಲಿ ಪುಟಗಟ್ಟಲೆ ಬರೆದದ್ದನ್ನು ಇವಳು ಎರಡು ಶಬ್ದದಲ್ಲಿ ಅಂದಳಲ್ಲ ಎಂದು ನಕ್ಕಳು. ಅತ್ತೆ ಬಹಳ ದಿನದ ಮೇಲೆ ಮಾತಿಗೆ ಸಿಕ್ಕಿದ್ದಳು.

"ಹೇಗೆ ಬಡಿಯುದು? ತೋರಿಸು."

ಸುಗಂಧಿ ಅಕ್ಕಿ ಅಳೆಯುವ ಸೇರನ್ನು ಕವುಚಿ ಬೆರಳಿನ ಗೆಣ್ಣಿನಿಂದ ಬಡಿದು ತೋರಿಸಿದಳು. ಮೂರು, ಬಿಡುವು, ಎರಡು. ಮುತ್ತಕ್ಕ ಸೇರನ್ನು ತನ್ನ ಕಡೆಗೆ ಎಳೆದುಕೊಂಡು ಬಡಿದಳು. ಮೂರು, ಬಿಡುವು, ಎರಡು. ಆಮೇಲೆ ಇನ್ನೊಂದು, ಮೆಲ್ಲಗೆ.

"ಆ ಕೊನೆಯದ್ದು ಇಲ್ಲ ಅತ್ತೆ."

"ಅದು ಕೊಸರು." ಮುತ್ತಕ್ಕ ಮತ್ತೆ ಹಾಗೇ ಬಡಿದಳು. "ಐದು ಮೀನು ಎಣಿಸಿ ಹಾಕಿದ ಮೇಲೆ ಮೇಲಿಂದ ಒಂದು ಸಣ್ಣದು ಎಸೆಯದಿದ್ರೆ ಗಿರಾಕಿ ನಾಳೆ ಬರ್ತದಾ? ಮೀನಿಗೂ ಅಷ್ಟೇ."

ಸದಾಶಿವ ಒಳಗಿಂದ ಅಂದ: "ಅಮ್ಮನ ಕೊಸರಿನಿಂದಲೇ ನಮ್ಮ ಮನೆ ಅರ್ಧ ಮುಳುಗಿದ್ದು."

"ಉಳಿದರ್ಧ ನಿನ್ನ ಬೀಡಿಯಿಂದ."

ಮೂವರೂ ನಕ್ಕರು. ರಾತ್ರಿ ಊಟಕ್ಕೆ ಮುತ್ತಕ್ಕ ಮತ್ತೆ ಗಂಜಿ, ಮಿಡಿ ಹಾಕಿಕೊಂಡಳು. ಕೊಯ್ಲಿನ ಹಿಂದಿನ ದಿನ ಸುಗಂಧಿ ಪಾಳಿಗೆ ಹೊರಟಾಗ ಮುತ್ತಕ್ಕ ಹಿಂದಿನಿಂದ ಕರೆದು ಹೇಳಿದಳು: "ನಾಳೆ ನಾನೂ ಬರ್ತೇನೆ, ಕೈ ಹಚ್ಚಲಿಕ್ಕೆ."

"ಬೇಡ ಅತ್ತೆ. ಅಲ್ಲಿ ನೂಕುನುಗ್ಗಲು. ದಕ್ಕೆಗೆ ಬರಬೇಡಿ."

"ದಕ್ಕೆಗೆ ಯಾರು ಬರ್ತಾರೆ?"

ಸುಗಂಧಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಹಸಿದ ಮೀನಿನ ವಿಷಯ ನಾಲಿಗೆಯ ತುದಿಗೆ ಬಂತು. ಅತ್ತೆಗೆ ಹೇಳಿದರೆ ಅತ್ತೆ ಬಾವಿಕಟ್ಟೆಯಲ್ಲಿ ಹೇಳುತ್ತಾಳೆ, ಬಾವಿಕಟ್ಟೆಯಿಂದ ಆಚೆ ದಡಕ್ಕೆ. ದಯಾಕರ ಯಾರು ಹೇಳಿದ್ದೆಂದು ಕಂಡುಹಿಡಿಯದೆ ಬಿಡುವವರಲ್ಲ. "ನೀರಿಗೆ ಹೋಗಬೇಡಿ," ಅಂದಳು ಕೊನೆಗೆ. ಇಷ್ಟು ಹೇಳಿದರೆ ಸಾಕು ಅನಿಸಿತು.

*

ಆ ರಾತ್ರಿ ಪರದೆಯ ಮೇಲೆ ಗುಂಪು ಎಂದಿಗಿಂತ ಹತ್ತಿರವಿತ್ತು. ಉಣಿಸು ನಿಂತ ಮೇಲೆ ಮೀನುಗಳು ದೂರ ಮೇಯಲು ಹೋಗದೆ, ಬೇಲಿಬಲೆಯ ಹೊರಗೇ ಸುತ್ತು ಹೊಡೆಯುತ್ತಿದ್ದವು. ಕಲಿತ ಹಸಿವು ಹಾಗೆ. ಆಹಾರ ಸಿಕ್ಕಿದ ಜಾಗ ಬಿಡುವುದಿಲ್ಲ. ಬೆಳಕು ಹರಿಯುವಾಗ ಭರತ ಏರುತ್ತದೆ, ಆಗ ಕರೆದರೆ ಎಲ್ಲವೂ ಒಳಗೆ. ಇಷ್ಟು ಚೆನ್ನಾಗಿ ಎಂದೂ ಕೂಡಿಬಂದಿರಲಿಲ್ಲ.

ಟಕ್ ಟಕ್ ಟಕ್.

ಸುಗಂಧಿ ಬೆನ್ನು ನೆಟ್ಟಗೆ ಮಾಡಿದಳು.

ಟಕ್ ಟಕ್.

ಮತ್ತೆ ಒಂದು. ಮೆಲ್ಲಗೆ. ಟಕ್.

ಅವಳ ಕೈ ತಾನಾಗಿ ಬೆದರುಗುಂಡಿಯ ಮೇಲೆ ಹೋಗಿ ಕೂತಿತು. ಕಿಟಕಿಯಲ್ಲಿ ಕತ್ತಲು ಬಿಟ್ಟು ಏನೂ ಕಾಣಲಿಲ್ಲ.

ಒತ್ತಿದರೆ ಗುಂಪು ಚದುರುತ್ತದೆ. ಕೊಯ್ಲು ಹೋಗುತ್ತದೆ. ಘಟ್ಟದ ಮೇಲಿನ ಪಡಿ, ಹಾಸ್ಟೆಲ್ಲುಗಳು, ಊರಿನ ಪಾಲು. ಎರಡನೆಯ ಸಲವೂ ಒತ್ತಿದವಳು ಇವಳೇ ಎಂದು ಎಲ್ಲರಿಗೂ ತಿಳಿಯುತ್ತದೆ. ಒತ್ತಿದ ಮೇಲೆ ಅದು ಆಚೆ ದಡದ ಯಾರೋ ಎಂದು ಗೊತ್ತಾದರೆ? ಬಡಿತ ಸರಿಯಾಗಿ ಬಾರದವನು ಒಂದು ಹೆಚ್ಚು ಬಡಿದಿದ್ದರೆ? ಅತ್ತೆ ಮನೆಯಲ್ಲಿ ಮಲಗಿರುತ್ತಾಳೆ. ಈ ಹೊತ್ತಿನಲ್ಲಿ ಮನೆಯ ಹಳೆಯ ಸಣ್ಣ ಪಾತಿದೋಣಿ ಬಿಚ್ಚಿಕೊಂಡು ಬರಲು ಅವಳಿಗೆ ತಲೆ ಕೆಟ್ಟಿದೆಯೇ.

ಎಡಗೈಯಿಂದ ಸದಾಶಿವನಿಗೆ ಫೋನು ಮಾಡಿದಳು. ಗಂಟೆ ಹೊಡೆಯುತ್ತಲೇ ಇತ್ತು. ರಾತ್ರಿ ಅವನು ಫೋನನ್ನು ಅಡಿಗೆಮನೆಯಲ್ಲಿ ಚಾರ್ಜಿಗೆ ಇಟ್ಟು ಮಲಗುತ್ತಾನೆ.

ಇನ್ನೊಮ್ಮೆ ಬಡಿಯಲಿ, ಎಂದುಕೊಂಡಳು. ಇನ್ನೊಮ್ಮೆ ಬಡಿದಾಗ ಆ ಕೊನೆಯದ್ದು ಬಂದರೆ ಅತ್ತೆಯೇ. ಆಗ ಒತ್ತುತ್ತೇನೆ, ಏನಾದರೂ ಆಗಲಿ. ಹೀಗೆ ತೀರ್ಮಾನಿಸಿದ್ದರಿಂದ ಸ್ವಲ್ಪ ಸಮಾಧಾನವಾಯಿತು. ಪರೀಕ್ಷೆಯೊಂದನ್ನು ಸರಿಯಾಗಿ ಗೊತ್ತುಮಾಡಿದಂತೆ.

ಪರದೆಯಲ್ಲಿ ನೆರಳು ಒಟ್ಟಾಗಿ ತಿರುಗಿ, ಚೂಪಾಗಿ, ಸದ್ದು ಬಂದ ಕಡೆಗೆ ನುಗ್ಗುತ್ತಿತ್ತು.

ಟಕ್ ಟಕ್ ಟಕ್.

ಟಕ್ ಟಕ್.

ಸುಗಂಧಿ ಎಡಗೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಸೀಗಡಿಗಳ ಚಿಟಿಚಿಟಿ. ಮರಳು. ಆರನೆಯದು ಬರಲಿಲ್ಲ.

ಬರಲಿಲ್ಲ. ಅತ್ತೆಯಲ್ಲ. ಅತ್ತೆ ಎಂದೂ ಕೊಸರು ಬಿಡುವವಳಲ್ಲ. ಅವಳು ಗುಂಡಿಯ ಮೇಲಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು, ಸಮಾಧಾನಕ್ಕೆ.

ಆಮೇಲೆ ಹೆಡ್‌ಫೋನಿನಲ್ಲಿ ನೀರು ಒಡೆಯಿತು. ಒದ್ದೆ ಬಟ್ಟೆಯ ಗಂಟನ್ನು ಕಲ್ಲಿಗೆ ಒಗೆದಂತೆ ಒಂದು, ಅದರ ಮೇಲೊಂದು, ಲೆಕ್ಕ ಸಿಗದಷ್ಟು. ಮರ ಕಿರುಗುಟ್ಟಿತು. ಏನೋ ಮಗುಚಿ ನೀರಿಗೆ ಬಿದ್ದ ದಪ್ಪ ಸದ್ದು. ಸ್ವಲ್ಪ ಹೊತ್ತು ಮರದ ಹಲಗೆಯ ಮೇಲೆ ಉಗುರು ಎಳೆದಂತೆ ಕೇಳಿತು. ಅದೂ ನಿಂತಿತು. ಮೀನುಗಳು ಮತ್ತೆ ಸುತ್ತತೊಡಗಿದವು. ಸೀಗಡಿಗಳು ಮೊದಲಿನಂತೆ ಸಿಡಿಯತೊಡಗಿದವು.

ಆಗ ಅವಳಿಗೆ ಅರ್ಥವಾಯಿತು. ಐದು ಬಡಿದವರು ಆರನೆಯದನ್ನು ಬಡಿಯದಿರಲು ಇನ್ನೊಂದು ಕಾರಣವೂ ಇರಬಹುದಿತ್ತು. ಐದನೆಯದರ ಹೊತ್ತಿಗೆ ಮೀನು ಮುಟ್ಟಿರಬಹುದಿತ್ತು.

ಮೂಲೆಯಲ್ಲಿ ಟಾರ್ಚು ಇತ್ತು. ಮೆಟ್ಟಿಲ ಕೆಳಗೆ ಸಂಘದ ಮೋಟಾರು ದೋಣಿ ಇತ್ತು. ಹೊರಗೆ ಹೋದರೆ ತಿಳಿಯುತ್ತದೆ. ಇಲ್ಲೇ ಕೂತರೆ ಬೆಳಗಿನ ತನಕ ಅದು ಆಚೆ ದಡದ ಕಳ್ಳನೇ ಆಗಿರುತ್ತದೆ. ಸುಗಂಧಿ ಕೂತಳು. ಹೆಡ್‌ಫೋನು ತೆಗೆಯಲಿಲ್ಲ; ತೆಗೆಯುವುದು ನಿಯಮಕ್ಕೆ ವಿರುದ್ಧ.

*

ಕೊಯ್ಲು ತುಂಬಿ ಬಂತು. ಬೇಲಿಬಲೆಯೊಳಗೆ ನೀರು ಕಾಣದಷ್ಟು ಮೀನು. ಜನ ಮೊಣಕಾಲು ನೀರಿನಲ್ಲಿ ನಿಂತು ನಗುತ್ತ ಬುಟ್ಟಿ ದಾಟಿಸುತ್ತಿದ್ದರು. ಮೀನಿನ ನಡುವೆ ಮಗುಚಿದ ಪಾತಿದೋಣಿಯೊಂದು ತೇಲಿ ಬಂದಾಗ ಮೊದಲು ಯಾರೂ ಅದರ ಕಡೆ ಗಮನ ಕೊಡಲಿಲ್ಲ. ಮುತ್ತಕ್ಕ ಬೇಲಿಯ ಹೊರಗಿನ ಗೂಟಕ್ಕೆ ಸೀರೆ ಸಿಕ್ಕಿಕೊಂಡು ನಿಂತಿದ್ದಳು. ನೀರಿನಲ್ಲಿ ನಿಂತ ಹಾಗೇ ಕಾಣುತ್ತಿದ್ದಳು, ಕುತ್ತಿಗೆ ನೆಟ್ಟಗೆ. ಮುಖದಲ್ಲಿ, ಎದೆಯಲ್ಲಿ ನೀಲಿ ಬಾವು. ದೋಣಿಯಲ್ಲಿ ಬಲೆಯಿರಲಿಲ್ಲ, ಬುಟ್ಟಿಯಿರಲಿಲ್ಲ. ಬಡಿಯಲಿಕ್ಕೊಂದು ಹುಟ್ಟು ಬಿಟ್ಟು ಅವಳು ಏನನ್ನೂ ತಂದಿರಲಿಲ್ಲ.

ದಯಾಕರ ಟೊಪ್ಪಿ ತೆಗೆದು ನಿಂತರು. ಸುಗಂಧಿಯನ್ನು ದೂರ ಕರೆದುಕೊಂಡು ಹೋಗಿ, ಕುಡಿಯಲು ನೀರು ಕೊಟ್ಟರು.

"ಚಿಪ್ಪು ಹೆಕ್ಕಲಿಕ್ಕೆ ಹೋಗಿ ಆಯ ತಪ್ಪಿ ಬಿದ್ದದ್ದು ಅಂತ ಬರೆಸುವ. ಕರೆ ಬಡಿದರು ಅಂತಾದ್ರೆ ಕಳ್ಳತನ ಆಗ್ತದೆ, ನಿಮ್ಮ ಮನೆಯ ಪಾಲೇ ಹೋಗ್ತದೆ." ಲೋಟ ಮರಳಿ ತೆಗೆದುಕೊಂಡು ಕೇಳಿದರು: "ರಾತ್ರಿ ಎಂತಾದ್ರೂ ಕೇಳಿತಾ?"

"ಇಲ್ಲ."

"ಹ್ಞಾಂ." ಅವರು ಅವಳ ಮುಖವನ್ನು ನೋಡಿದರು. "ರೆಕಾರ್ಡಿಂಗು ಒಂದು ವಾರ ಆದ ಮೇಲೆ ತಾನೇ ಅಳಿಸಿ ಹೋಗ್ತದಲ್ಲ?"

"ಹೋಗ್ತದೆ."

"ಹೋಗಲಿ," ಅಂದು ದಯಾಕರ ಟೊಪ್ಪಿ ಹಾಕಿಕೊಂಡರು.

ಕೊಯ್ಲು ಇಷ್ಟು ಬಂದ ಮೇಲೆ ಯಾರ ಪಾಲನ್ನೂ ಕಡಿಯುವ ಅಗತ್ಯ ಉಳಿಯಲಿಲ್ಲ. ಎಪ್ಪತ್ತು ದಾಟಿದವರ ಹೆಸರುಗಳನ್ನು ಮತ್ತೆ ಸೇರಿಸಿದರು. ಶೇಖರಣ್ಣ ಸೂತಕದ ಮನೆಯ ಅಂಗಳದಲ್ಲೇ ನಿಂತು, ಮುತ್ತಕ್ಕನ ಪಾಲನ್ನು ಐಸ್ ಕಾರ್ಖಾನೆಯಲ್ಲಿ ಇಟ್ಟಿದ್ದೇವೆ, ಉತ್ತರಕ್ರಿಯೆಯ ಬೊಜ್ಜದ ದಿನ ಎಡೆಗೆ ಬೇಕಾದೀತು ಎಂದು ಹೇಳಿ ಹೋದರು. ಆಚೆ ದಡದಿಂದ ಆಮೇಲೆ ಯಾರೂ ಬಡಿಯಲಿಲ್ಲ. ಅಳಿವೆಯ ಮೀನು ಮುದುಕಿಯನ್ನು ಹೊಡೆದು ಹಾಕಿತಂತೆ ಎಂಬ ಸುದ್ದಿ ಹೇಗೋ ಹೊಳೆ ದಾಟಿತ್ತು. ಬೇರೆ ಮೂರು ಅಳಿವೆಗಳ ಸಂಘದವರು ಬಂದು, ಕಳವು ಹೇಗೆ ನಿಂತಿತೆಂದು ದಯಾಕರರನ್ನು ಕೇಳಿಕೊಂಡು ಹೋದರು.

ಬೊಜ್ಜದ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತಾರೆ. ಸುಗಂಧಿ ಮೀನಿನ ಗಸಿ ಮಾಡಿದಳು. ಕೊಯ್ಯುವಾಗ ತಲೆಯ ಕಲ್ಲುಗಳು ಕತ್ತಿಗೆ ತಾಗಿದವು. ತೆಗೆದು ಬೂದಿಗೆ ಎಸೆದಳು. ಎಡೆ ಬಡಿಸಿ ಬಾಗಿಲು ಎಳೆದುಕೊಂಡು ಅವಳೂ ಸದಾಶಿವನೂ ಜಗಲಿಯಲ್ಲಿ ಕೂತರು. ನೆಂಟರು ಅಂಗಳದ ಆಚೆ ಚಪ್ಪರದಡಿ ಮೆಲ್ಲಗೆ ಮಾತಾಡುತ್ತಿದ್ದರು.

ಸದಾಶಿವ ಇಷ್ಟು ದಿನ ಅತ್ತಿರಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತ ಅಂದ: "ನಾನು ಕೊಂದದ್ದು ಅಮ್ಮನನ್ನು."

"ಎಂತ ಮಾತು ನಿಮ್ಮದು."

"ಆ ರಾತ್ರಿ ಬಾಗಿಲು ತೆಗೆದ ಸದ್ದು ಕೇಳಿತ್ತು. ಎಚ್ಚರ ಇತ್ತು ನನಗೆ. ಹಿತ್ತಲಿಗೆ ಹೋಗಿರಬೇಕು ಅಂತ ಮಗ್ಗುಲು ಬದಲಿಸಿದೆ. ಮತ್ತೆ ಅಡಿಗೆಮನೆಯಲ್ಲಿ ಫೋನೂ ಹೊಡೆದುಕೊಂಡಿತು. ಕಾರ್ಖಾನೆಯವರು ಬೇಗ ಬಾ ಅಂತ ಕರೀತಾರೆ ಅಂತ ಏಳಲಿಲ್ಲ. ಎದ್ದಿದ್ರೆ ಅಮ್ಮ ಇಲ್ಲ ಅಂತ ಗೊತ್ತಾಗ್ತಿತ್ತು." ಅವನು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. "ಫೋನು ಯಾರದ್ದು ಅಂತ ಆಮೇಲೆ ನೋಡಿದೆ. ನಿನ್ನದು. ಎಂತಕ್ಕೆ ಮಾಡಿದ್ದು ಸುಗಂಧಿ?"

ಚಪ್ಪರದಡಿ ಯಾರೋ ಕೆಮ್ಮಿದರು. ಸುಗಂಧಿ ಉತ್ತರವನ್ನು ಜೋಡಿಸಿದಳು. ಅದು ಉದ್ದದ ಮಾತಲ್ಲ. ನನಗೆ ಕೇಳಿತ್ತು, ಅತ್ತೆಯ ಬಡಿತ ಅಂತ ಗೊತ್ತಾಗಿತ್ತು, ಗುಂಡಿಯ ಮೇಲೆ ಕೈ ಇತ್ತು, ಒತ್ತಲಿಲ್ಲ. ಇಷ್ಟು ಹೇಳಿದರೆ ಅವನ ಬೆನ್ನ ಮೇಲಿನ ಭಾರ ಇಳಿಯುತ್ತಿತ್ತು. ಉಳಿದ ಬದುಕಿನಲ್ಲಿ ಅವನು ರಾತ್ರಿ ನಿದ್ದೆ ಮಾಡಬಹುದಿತ್ತು. ಒಂದೊಂದು ಶಬ್ದವನ್ನೂ ಅವಳು ಮನಸ್ಸಿನಲ್ಲಿ ಮುಟ್ಟಿ ನೋಡಿದಳು. ಎಲ್ಲ ಸರಿಯಾಗಿದ್ದವು.

"ಬೆಳಿಗ್ಗೆ ಬರುವಾಗ ತಡ ಆಗ್ತದೆ ಅಂತ ಹೇಳಲಿಕ್ಕೆ," ಅಂದಳು.

ಅವನು ತಲೆಯಾಡಿಸಿದ. ಭುಜಗಳು ಕುಲುಕತೊಡಗಿದವು. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು, ಬಾಗಿಲು ತೆಗೆಯುವ ಹೊತ್ತಾಗುವ ತನಕ ಮೆಲ್ಲಗೆ ಸವರಿದಳು. ಇವನಿಗೆ ಹೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ.